ಒಂದೇ ಮೆಷಿನ್, ಎರಡು ಲೆಕ್ಕ: ಅಪ್ರೆಂಟಿಸ್ ದುಡ್ಡಿನ 175 ವರ್ಷಗಳ ಕಥೆ

ಭಾಗ 1: ಸಂಬಳನಾ, ಸ್ಟೈಪೆಂಡಾ?

ಪೀಣ್ಯ ಎರಡನೇ ಹಂತದ ಯಾವುದಾದ್ರೂ ಮೆಷಿನ್ ಶಾಪ್ ಒಳಗೆ ಹೋಗಿ ನೋಡಿ. ಸಿಎನ್‌ಸಿ ಮೆಷಿನ್‌ಗಳ ಸಾಲು. ಅಕ್ಕಪಕ್ಕ ಇಬ್ಬರು ನಿಂತಿದ್ದಾರೆ. ಇಬ್ಬರ ಕೈಯಲ್ಲೂ ಒಂದೇ ಡ್ರಾಯಿಂಗ್, ಇಬ್ಬರ ಬಟ್ಟೆಗೂ ಒಂದೇ ಕೂಲೆಂಟ್ ವಾಸನೆ. ಮುಂದಿನ ತಿಂಗಳ ಮೊದಲ ವಾರ ಒಬ್ಬರ ಖಾತೆಗೆ ಬರೋದು "ಸಂಬಳ". ಇನ್ನೊಬ್ಬರ ಖಾತೆಗೆ ಬರೋದು "ಸ್ಟೈಪೆಂಡ್". ಮೊದಲನೆಯವರು ಕಾನೂನಿನ ಕಣ್ಣಲ್ಲಿ ಕಾರ್ಮಿಕರು. ಎರಡನೆಯವರು ಅಲ್ಲ.

ಐಟಿಐ, ಡಿಪ್ಲೊಮಾ, ಡಿಗ್ರಿ ಮುಗಿಸಿ ಆಫರ್ ಲೆಟರ್ ಕೈಗೆ ಬರೋ ಹೊತ್ತಲ್ಲಿ ನಾವೆಲ್ಲ ನೋಡೋದು ಒಂದೇ ನಂಬರ್: ತಿಂಗಳಿಗೆ ಎಷ್ಟು? ಆ ನಂಬರ್ ಯಾಕೆ ಅಷ್ಟೇ ಇದೆ, ಅದನ್ನ ಯಾರು ನಿರ್ಧಾರ ಮಾಡಿದ್ರು ಅಂತ ಯಾರೂ ಹೇಳಿಕೊಡಲ್ಲ. ಈ ಸರಣಿ ಅದಕ್ಕೇ. ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಭಾಗ 2: ಮೊದಲ ಕಾಯ್ದೆ ಅನಾಥ ಮಕ್ಕಳಿಗಾಗಿ

ಅಪ್ರೆಂಟಿಸ್ ಅನ್ನೋ ಪದ ನಮಗೆ ಬಂದಿದ್ದು ಇಂಗ್ಲೆಂಡಿನಿಂದ. ಅಲ್ಲಿ 1563ರಲ್ಲೇ ಒಂದು ಕಾಯ್ದೆ ಇತ್ತು: ಕಸುಬು ಕಲಿಯಬೇಕು ಅಂದ್ರೆ ಏಳು ವರ್ಷ ಯಜಮಾನನ ಕೈಕೆಳಗೆ ಇರಲೇಬೇಕು. ನಮ್ಮಲ್ಲಿ ಬಡಗಿ, ಕಮ್ಮಾರ, ಅಕ್ಕಸಾಲಿಗರ ಮಕ್ಕಳು ಮನೆಯಲ್ಲೇ ಕಲೀತಿದ್ರು. ಅದಕ್ಕೆ ಒಪ್ಪಂದವೂ ಇರಲಿಲ್ಲ, ಕಾಯ್ದೆಯೂ ಇರಲಿಲ್ಲ.

ಭಾರತದಲ್ಲಿ ಮೊದಲ ಅಪ್ರೆಂಟಿಸ್ ಕಾಯ್ದೆ ಬಂದಿದ್ದು 1850ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಕಾಲದಲ್ಲಿ. ಯಾರಿಗೆ ಗೊತ್ತಾ? ಅನಾಥ ಮಕ್ಕಳಿಗೆ, ದಾನಧರ್ಮದ ಸಂಸ್ಥೆಗಳಲ್ಲಿ ಬೆಳೆಯೋ ಬಡ ಮಕ್ಕಳಿಗೆ. 10ರಿಂದ 18 ವರ್ಷದ ಮಗುವನ್ನು ಕಸುಬು ಕಲಿಯೋಕೆ ಅಂತ ಒಬ್ಬ ಯಜಮಾನನಿಗೆ ಒಪ್ಪಂದದಲ್ಲಿ ಒಪ್ಪಿಸಬಹುದಿತ್ತು, ಗರಿಷ್ಠ ಏಳು ವರ್ಷ.

ಆ ಕಾಯ್ದೆಯ ಒಂದು ಯೋಚನೆ ನೆನಪಿಟ್ಟುಕೊಳ್ಳಿ. ಕಲಿಯೋನು ಅಂದ್ರೆ ಇನ್ನೊಬ್ಬರ ಉಸ್ತುವಾರಿಯಲ್ಲಿ ಇರೋನು. ಅವನಿಗೆ ಊಟ, ಬಟ್ಟೆ, ವಿದ್ಯೆ ಸಿಗುತ್ತೆ, ಕೂಲಿಯ ಮಾತು ಆಮೇಲೆ. ಕಾಯ್ದೆ ಎಷ್ಟು ಬದಲಾದ್ರೂ ಈ ಯೋಚನೆಯ ನೆರಳು ಪೂರ್ತಿ ಹೋಗಿಲ್ಲ.

ಭಾಗ 3: ಬೆಂಗಳೂರು ಕೈ ಕೆಲಸ ಕಲಿತಿದ್ದು ಹೇಗೆ

1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್. 1948ರಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ (ದೂರವಾಣಿನಗರ ಅನ್ನೋ ಹೆಸರು ಬಂದಿದ್ದು ಇದರಿಂದಲೇ, ನಾವು ಓದೋ ಐಟಿಐ ಬೇರೆ!). 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಲ್ಲಿ. 1954ರಲ್ಲಿ ಬಿಇಎಲ್.

ಇಷ್ಟು ಕಾರ್ಖಾನೆಗೆ ಟರ್ನರ್, ಫಿಟ್ಟರ್, ಟೂಲ್ ಮೇಕರ್ ಎಲ್ಲಿಂದ ತರೋದು? ಹೊರಗೆ ಸಿಗ್ತಾ ಇರಲಿಲ್ಲ. ಹಾಗಾಗಿ ಕಾರ್ಖಾನೆಗಳೇ ತರಬೇತಿ ಕೇಂದ್ರ ನಡೆಸಿದವು. ನಾವು ಓದೋ ಐಟಿಐಗಳ ಹಿಂದಿರೋ ಕುಶಲಕರ್ಮಿ ತರಬೇತಿ ಯೋಜನೆ ಶುರುವಾಗಿದ್ದು 1950ರಲ್ಲಿ. ಹಳ್ಳಿಯಿಂದ ಬಂದ ಹುಡುಗ ಮೊದಲು ಕಬ್ಬಿಣದ ತುಂಡಿಗೆ ಅರ ಹಾಕಿ ಹಾಕಿ ಕೈ ಪಳಗಿಸಿಕೊಂಡು, ಆಮೇಲೆ ಲೇತ್ ಮುಟ್ಟುತ್ತಿದ್ದ. ತರಬೇತಿ ಮುಗಿದ್ರೆ ಅದೇ ಕಾರ್ಖಾನೆಯಲ್ಲಿ ಕಾಯಂ ಆಗೋ ಆಸೆ ಇತ್ತು. ಕ್ವಾರ್ಟರ್ಸ್, ಕ್ಯಾಂಟೀನ್, ಬಸ್ಸು. ನಿಮ್ಮ ತಾತನೋ ದೊಡ್ಡಪ್ಪನೋ "ನಾನು ಎಚ್‌ಎಂಟೀಲಿ ಅಪ್ರೆಂಟಿಸ್ ಮಾಡ್ದೋನು" ಅಂತ ಎದೆ ಉಬ್ಬಿಸಿ ಹೇಳಿದ್ರೆ ಅದಕ್ಕೆ ಕಾರಣ ಇದು. ಅವತ್ತು ಕಡಿಮೆ ದುಡ್ಡು ಅನ್ನೋದು ಒಂದು ಬಾಗಿಲ ಮುಂದಿನ ಮೆಟ್ಟಿಲು.

ಭಾಗ 4: ಕನಿಷ್ಠ ಅಂದ್ರೆ ಎಷ್ಟು?

ಈಗ ಇನ್ನೊಂದು ದಾರಿ. ಕನಿಷ್ಠ ವೇತನವನ್ನು ಕಾನೂನಾಗಿ ಮಾಡಿದ ಮೊದಲ ದೇಶ ನ್ಯೂಜಿಲೆಂಡ್, 1894ರಲ್ಲಿ. ಭಾರತದಲ್ಲಿ ಕನಿಷ್ಠ ವೇತನ ಕಾಯ್ದೆ ಬಂದಿದ್ದು 1948ರಲ್ಲಿ, ಬಾಬು ಜಗಜೀವನ್ ರಾಮ್ ಕಾರ್ಮಿಕ ಸಚಿವರಾಗಿದ್ದಾಗ.

ಆ ಕಾಯ್ದೆಯ ಮೂರನೇ ಸೆಕ್ಷನ್ ಓದಿದ್ರೆ ಆಶ್ಚರ್ಯ ಆಗುತ್ತೆ. ವಯಸ್ಕರು, ಹದಿಹರೆಯದವರು, ಮಕ್ಕಳು ಮತ್ತು ಅಪ್ರೆಂಟಿಸ್‌ಗಳು: ಇವರಿಗೆ ಬೇರೆ ಬೇರೆ ಕನಿಷ್ಠ ದರ ಗೊತ್ತು ಮಾಡಬಹುದು ಅಂತ ಅಲ್ಲಿ ಬರೆದಿದೆ. ಗಮನಿಸಿ: ದರ ಕಡಿಮೆ ಇರಬಹುದು, ಆದ್ರೆ 1948ರಲ್ಲಿ ಅಪ್ರೆಂಟಿಸ್ ಕನಿಷ್ಠ ವೇತನದ ಮನೆಯ ಒಳಗೇ ಇದ್ದ.

"ಕನಿಷ್ಠ" ಅನ್ನೋದಕ್ಕೆ ಅಳತೆ ಏನು? 1957ರಲ್ಲಿ ನಡೆದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಲೆಕ್ಕ ಕೊಟ್ಟಿತು. ಒಬ್ಬ ದುಡಿಯೋ ವ್ಯಕ್ತಿಯ ಕುಟುಂಬ ಅಂದ್ರೆ ಮೂರು ಘಟಕ: ಗಂಡ 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6. (ಹೆಂಡತಿಗೆ 0.8 ಯಾಕೆ ಅಂತ ಕಾಮೆಂಟಲ್ಲಿ ಜಗಳ ಆಡೋಣ.) ಪ್ರತಿ ಘಟಕಕ್ಕೆ ದಿನಕ್ಕೆ 2,700 ಕ್ಯಾಲರಿ ಊಟ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ, ದೀಪ ಮತ್ತು ಇತರೆಗೆ ಒಟ್ಟು ಕನಿಷ್ಠ ವೇತನದ ಶೇ 20. ಮುಂದೆ ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪಿನ ಖರ್ಚಿಗೆ ಅಂತ ಶೇ 25 ಸೇರಿಸಿತು. ಕರ್ನಾಟಕದಲ್ಲಿ ವೇತನ ಪರಿಷ್ಕರಣೆಯ ವಾದ ಎದ್ದಾಗಲೆಲ್ಲ ಯೂನಿಯನ್‌ಗಳು ಎತ್ತೋ ಹೆಸರು ಇದೇ.

ಇನ್ನೊಂದು ತೀರ್ಪು ನೆನಪಿರಲಿ. 1982ರ ಏಷ್ಯನ್ ಗೇಮ್ಸ್ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಂಡ್ರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿರೋ ಬಲವಂತದ ದುಡಿಮೆ. ಬಡತನದಿಂದ ಒಪ್ಪಿಕೊಂಡ ಅಂದ ಮಾತ್ರಕ್ಕೆ ಅದು ಸ್ವಂತ ಇಚ್ಛೆ ಆಗಲ್ಲ.

ಭಾಗ 5: 1961, ಬಾಗಿಲು ಮುಚ್ಚಿದ ಒಂದು ಸಾಲು

1961ರಲ್ಲಿ ಎಚ್‌ಎಂಟಿ ಬೆಂಗಳೂರಲ್ಲಿ ಕೈಗಡಿಯಾರದ ಕಾರ್ಖಾನೆ ಶುರು ಮಾಡಿತು. ಅದೇ ವರ್ಷ ದೆಹಲಿಯಲ್ಲಿ ಹೊಸ ಅಪ್ರೆಂಟಿಸ್ ಕಾಯ್ದೆ ಪಾಸಾಯಿತು. 1850ರ ಹಳೇ ಕಾಯ್ದೆ ರದ್ದಾಯಿತು. ಒಳ್ಳೇದೇ. ಆದ್ರೆ ಹೊಸ ಕಾಯ್ದೆಯಲ್ಲಿ ಸೆಕ್ಷನ್ 18 ಅಂತ ಒಂದಿದೆ. ಅದರ ಸಾರಾಂಶ: ಅಪ್ರೆಂಟಿಸ್ ಕಲಿಯುವವನು, ಕಾರ್ಮಿಕನಲ್ಲ. ಕಾರ್ಮಿಕರ ಕಾನೂನುಗಳು ಅವನಿಗೆ ಅನ್ವಯಿಸಲ್ಲ.

ಅಷ್ಟೇ. 1948ರಲ್ಲಿ ಒಳಗಿದ್ದವನು 1961ರಲ್ಲಿ ಹೊರಗೆ. ಕನಿಷ್ಠ ವೇತನ, ಬೋನಸ್, ಗ್ರಾಚ್ಯುಟಿ ಎಲ್ಲದರ ಮಾತೂ ಈ ಸಾಲಿಗೆ ಬಂದು ನಿಂತುಬಿಡುತ್ತೆ.

ಯಾಕೆ ಹೀಗೆ ಮಾಡಿದ್ರು? ಸರ್ಕಾರದ ಲೆಕ್ಕ ಅರ್ಥ ಆಗದೇ ಇರೋದೇನಲ್ಲ. ಕಲಿಯೋನಿಗೆ ಪೂರ್ತಿ ಸಂಬಳ ಕೊಡಬೇಕು ಅಂದ್ರೆ ಯಾವ ಮಾಲೀಕನೂ ಕಲಿಸಲ್ಲ, ಕೆಲಸ ಬರೋನನ್ನೇ ತಗೋತಾನೆ. ಹೊಸ ದೇಶಕ್ಕೆ ಲಕ್ಷಗಟ್ಟಲೆ ಕುಶಲ ಕೈಗಳು ಬೇಕಿತ್ತು. ಹಾಗಾಗಿ ಇದು ಒಂದು ವಿನಿಮಯ: ದುಡ್ಡು ಕಡಿಮೆ ತಗೋ, ಬದಲಿಗೆ ವಿದ್ಯೆ ತಗೋ.

ವಿನಿಮಯ ಅಂದ ಮೇಲೆ ಎರಡು ಕಡೆನೂ ಇರಬೇಕಲ್ವಾ? ಇನ್ನೊಂದು ಕಡೆ ಮುಂದಿನ ಭಾಗದಲ್ಲಿ.

ಭಾಗ 6: ಅದೇ ಕಾಯ್ದೆ ನಿಮ್ಮ ಪರವಾಗಿ ಹೇಳಿದ್ದು

ಸೆಕ್ಷನ್ 18ನ್ನು ಎಲ್ಲ ಎಚ್‌ಆರ್‌ಗಳೂ ಬಾಯಿಪಾಠ ಹೇಳ್ತಾರೆ. ಇವನ್ನ ಯಾರೂ ಹೇಳಲ್ಲ:

ಒಂದು. ಲಿಖಿತ ಒಪ್ಪಂದ ಇರಬೇಕು, ಅದು ನೋಂದಣಿ ಆಗಬೇಕು. ಬರೀ ಬಾಯಿಮಾತು ಅಪ್ರೆಂಟಿಸ್‌ಶಿಪ್ ಅಲ್ಲ.

ಎರಡು. ಸೆಕ್ಷನ್ 13ರ ಪ್ರಕಾರ ಪೀಸ್ ರೇಟ್ ಲೆಕ್ಕದಲ್ಲಿ ಅಪ್ರೆಂಟಿಸ್‌ಗೆ ದುಡ್ಡು ಕೊಡೋ ಹಾಗಿಲ್ಲ. ಉತ್ಪಾದನೆ ಬೋನಸ್, ಇನ್ಸೆಂಟಿವ್ ಸ್ಕೀಮಿಗೂ ಎಳೆಯೋ ಹಾಗಿಲ್ಲ. ಇದರ ಅರ್ಥ ಬಿಡಿಸಿ ನೋಡಿ: ದಿನಕ್ಕೆ ಇಷ್ಟು ಪೀಸ್ ತೆಗಿ ಅಂತ ಟಾರ್ಗೆಟ್ ಹಾಕಿ ದುಡ್ಡನ್ನು ಅದಕ್ಕೆ ಕಟ್ಟಿದ್ರೆ ಅದು ಕಲಿಕೆ ಅಲ್ಲ, ಉತ್ಪಾದನೆ. 1961ರಲ್ಲೇ ಕಾಯ್ದೆಗೆ ಇದು ಗೊತ್ತಿತ್ತು.

ಮೂರು. ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸೋ ಹಾಗಿಲ್ಲ. ಆ ಒಪ್ಪಿಗೆ ಕೊಡಬೇಕಾದ್ರೂ ಅದು ತರಬೇತಿಯ ಹಿತಕ್ಕೋ ಸಾರ್ವಜನಿಕ ಹಿತಕ್ಕೋ ಇರಬೇಕು. "ಆರ್ಡರ್ ಅರ್ಜೆಂಟ್ ಇದೆ" ಅನ್ನೋದು ಕಾರಣ ಅಲ್ಲ.

ನಾಲ್ಕು. ಕೆಲಸ ಮಾಡುವಾಗ ಗಾಯ ಆದ್ರೆ ಪರಿಹಾರ ಕೊಡೋದು ಮಾಲೀಕರ ಜವಾಬ್ದಾರಿ. ಪವರ್ ಪ್ರೆಸ್ಸಿಗೆ ಬೆರಳು ಕೊಟ್ಟವನಿಗೆ "ನೀನು ಟ್ರೈನಿ ಅಷ್ಟೇ" ಅನ್ನೋ ಹಾಗಿಲ್ಲ.

ಐದು. ತರಬೇತಿಗೆ ಸಂಬಂಧ ಇಲ್ಲದ ಕೆಲಸ ಮಾಡಿಸಿದ್ರೆ ದಂಡ ಇದೆ. ಫಿಟ್ಟರ್ ಅಪ್ರೆಂಟಿಸ್ ವರ್ಷಪೂರ್ತಿ ಲಾರಿಗೆ ಲೋಡ್ ಮಾಡ್ತಾ ಇದ್ದರೆ ಅದು ತಪ್ಪು.

ಕೆಲಸ ಕಾಯಂ ಮಾಡಲೇಬೇಕು ಅಂತ ಮಾತ್ರ ಕಾಯ್ದೆ ಹೇಳಲಿಲ್ಲ. ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮದ ಅಪ್ರೆಂಟಿಸ್‌ಗಳು ಕೋರ್ಟಿಗೆ ಹೋದಾಗ 1995ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಸೇರಿಸಿತು: ಉಳಿದೆಲ್ಲ ಸಮ ಇದ್ದಾಗ, ಅಪ್ರೆಂಟಿಸ್ ಮುಗಿಸಿದವರಿಗೆ ನೇರ ಅಭ್ಯರ್ಥಿಗಳಿಗಿಂತ ಆದ್ಯತೆ ಕೊಡಬೇಕು.

ಭಾಗ 7: ಮೆಟ್ಟಿಲಿದೆ, ಬಾಗಿಲಿಲ್ಲ

1970ರ ದಶಕದಲ್ಲಿ ಪೀಣ್ಯದಲ್ಲಿ ಸಣ್ಣ ಕೈಗಾರಿಕೆಗಳ ಶೆಡ್‌ಗಳು ಎದ್ದವು. ಅದೇ ದಶಕದ ಕೊನೆಗೆ ಆರ್. ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟೋಕೆ ಹೊರಟಿತು. ಕಾಯ್ದೆಯೂ ಬೆಳೀತು: 1973ರ ತಿದ್ದುಪಡಿ ಡಿಗ್ರಿ, ಡಿಪ್ಲೊಮಾ ಎಂಜಿನಿಯರ್‌ಗಳನ್ನೂ ಅಪ್ರೆಂಟಿಸ್ ಮಾಡಿತು. 1975ರಲ್ಲಿ ಇಂದಿರಾ ಗಾಂಧಿಯವರ 20 ಅಂಶಗಳ ಕಾರ್ಯಕ್ರಮದಲ್ಲೂ ಅಪ್ರೆಂಟಿಸ್ ಯೋಜನೆ ಇತ್ತು.

1980ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಬಿಎಚ್‌ಇಎಲ್‌ಗೆ ಸಮಾನ ವೇತನ ಕೇಳಿ 77 ದಿನ ಮುಷ್ಕರ ಮಾಡಿದ್ರು. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಐಟಿಐ ಎಲ್ಲ ಬಂದ್. ಊರಿನ ಕಾರ್ಮಿಕರ ದೊಡ್ಡ ಹೋರಾಟ ಅಂದ್ರೆ ಹಿರಿಯರು ಇವತ್ತಿಗೂ ಅದನ್ನೇ ನೆನೆಸಿಕೊಳ್ತಾರೆ.

ಆಮೇಲೆ ಕೆಲಸ ನಿಧಾನಕ್ಕೆ ದೊಡ್ಡ ಕಾಂಪೌಂಡಿನಿಂದ ಸಣ್ಣ ಶೆಡ್ಡಿಗೆ, ಕಾಯಂನಿಂದ ಕಾಂಟ್ರಾಕ್ಟಿಗೆ ಜಾರಿತು. 2016ರಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆಗಳನ್ನ ಮುಚ್ಚೋ ನಿರ್ಧಾರ ಆಯಿತು. ಅಪ್ರೆಂಟಿಸ್ ಅನ್ನೋ ಮೆಟ್ಟಿಲು ಹಾಗೇ ಉಳೀತು. ಮೆಟ್ಟಿಲ ಮುಂದಿದ್ದ ಕಾಯಂ ಕೆಲಸದ ಬಾಗಿಲು ಮಾತ್ರ ಎಷ್ಟೋ ಕಡೆ ಕಾಣೆಯಾಯಿತು. 1961ರ ವಿನಿಮಯ ತಕ್ಕಡಿ ತಪ್ಪಿದ್ದು ಇಲ್ಲೇ.

ಭಾಗ 8: ಕಟ್ಟಿದ ಹಗ್ಗ, ಬಿಚ್ಚಿದ ಹಗ್ಗ

ಇದು ಈ ಸರಣಿಯ ಮುಖ್ಯ ಭಾಗ.

2014ರಲ್ಲಿ ಕೇಂದ್ರ ಸರ್ಕಾರ ಅಪ್ರೆಂಟಿಸ್ ನಿಯಮ ಬದಲಿಸಿತು. ಟ್ರೇಡ್ ಅಪ್ರೆಂಟಿಸ್‌ಗಳ ಸ್ಟೈಪೆಂಡನ್ನು ಆಯಾ ರಾಜ್ಯದ ಅರೆಕುಶಲ ಕಾರ್ಮಿಕರ ಕನಿಷ್ಠ ವೇತನಕ್ಕೆ ಕಟ್ಟಿತು. ಮೊದಲ ವರ್ಷ ಅದರ ಶೇ 70, ಎರಡನೇ ವರ್ಷ ಶೇ 80, ಆಮೇಲೆ ಶೇ 90. 1961ರಲ್ಲಿ ಹೊರಗೆ ಹಾಕಿದವನಿಗೆ ಕಿಟಕಿಯಿಂದ ಒಂದು ಹಗ್ಗ ಎಸೆದ ಹಾಗೆ. ಅಕ್ಕಿ, ಬಾಡಿಗೆ ಏರಿದ್ರೆ ಕನಿಷ್ಠ ವೇತನ ಏರುತ್ತೆ, ಅದರ ಹಿಂದೆ ಸ್ಟೈಪೆಂಡೂ ಏರುತ್ತೆ.

ಅದೇ ವರ್ಷದ ಕಾಯ್ದೆ ತಿದ್ದುಪಡಿ ಇನ್ನೊಂದು ಕೆಲಸ ಮಾಡಿತು: ಕಾಯ್ದೆ ಮುರಿದ ಮಾಲೀಕರಿಗೆ ಇದ್ದ ಜೈಲು ಶಿಕ್ಷೆ ತೆಗೆದು ಬರೀ ದಂಡ ಉಳಿಸಿತು.

2019ರ ಸೆಪ್ಟೆಂಬರಲ್ಲಿ ಮತ್ತೆ ನಿಯಮ ಬದಲು. ಹಗ್ಗ ಬಿಚ್ಚಿದ್ರು. ಶೇಕಡಾ ಲೆಕ್ಕ ಹೋಗಿ ರೂಪಾಯಿ ಲೆಕ್ಕ ಬಂತು. ತಿಂಗಳಿಗೆ ಕನಿಷ್ಠ:
5ರಿಂದ 9ನೇ ತರಗತಿ: 5,000
ಎಸ್ಸೆಸ್ಸೆಲ್ಸಿ: 6,000
ಪಿಯುಸಿ: 7,000
ಐಟಿಐ: 7,000
ಡಿಪ್ಲೊಮಾ: 8,000
ಡಿಗ್ರಿ: 9,000
ಎರಡನೇ ವರ್ಷ ಶೇ 10, ಮೂರನೇ ವರ್ಷ ಶೇ 15 ಹೆಚ್ಚು.

ಲೆಕ್ಕ ಸುಲಭ ಆಯಿತು, ನಿಜ. ಆದ್ರೆ ಬೆಲೆ ಏರಿದ ಹಾಗೆ ತಾನಾಗೇ ಏರೋ ಗುಣ ಹೋಯಿತು. 26 ದಿನಕ್ಕೆ 7,000 ಅಂದ್ರೆ ದಿನಕ್ಕೆ ಸುಮಾರು 269 ರೂಪಾಯಿ. ಕೊರೊನಾ ಬಂತು, ಹೋಯಿತು, ದಾಸರಹಳ್ಳಿಯ ಪಿಜಿ ಬಾಡಿಗೆ ಏರಿತು, ಈ ಅಂಕಿ ಅಲ್ಲೇ ಇತ್ತು. 2025ರ ಮೇನಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಕೌನ್ಸಿಲ್ ಶೇ 36 ಏರಿಸಿ 6,800ರಿಂದ 12,300 ಮಾಡಿ ಅಂತ ಶಿಫಾರಸು ಮಾಡಿತು. ನೀವು ಸಹಿ ಹಾಕೋ ದಿನ ಯಾವ ದರ ಜಾರಿಯಲ್ಲಿದೆ ಅಂತ ಅಪ್ರೆಂಟಿಸ್‌ಶಿಪ್ ಪೋರ್ಟಲಲ್ಲಿ ನೋಡಿ.

ಬೇರೆ ಕಡೆ? ಬ್ರಿಟನ್ 2010ರಿಂದ ಕನಿಷ್ಠ ವೇತನ ಕಾನೂನಿನ ಒಳಗೇ ಅಪ್ರೆಂಟಿಸ್‌ಗೆ ಒಂದು ದರ ಇಟ್ಟಿದೆ. ಜರ್ಮನಿ 2020ರಿಂದ ಅಪ್ರೆಂಟಿಸ್‌ಗೆ ಕನಿಷ್ಠ ಭತ್ಯೆ ಕಡ್ಡಾಯ ಮಾಡಿತು, ಮೊದಲ ವರ್ಷಕ್ಕೆ 515 ಯೂರೋದಿಂದ ಶುರು.

ಭಾಗ 9: ಹಗ್ಗ ಇದ್ದವರೂ ಎಳೆಯಬೇಕಾಯಿತು

ಕಾರ್ಮಿಕ ಅನ್ನೋ ಹೆಸರಿದ್ರೆ ಎಲ್ಲ ಸರಿ ಹೋಗುತ್ತಾ? ಇಲ್ಲ. ಕರ್ನಾಟಕದಲ್ಲಿ ಪ್ರತಿ ಏಪ್ರಿಲ್ 1ಕ್ಕೆ ಕನಿಷ್ಠ ವೇತನದ ತುಟ್ಟಿಭತ್ಯೆ, ಅಂದ್ರೆ ವಿಡಿಎ, ಬೆಲೆ ಸೂಚ್ಯಂಕದ ಪ್ರಕಾರ ಬದಲಾಗುತ್ತೆ. 2020ರ ಏಪ್ರಿಲಲ್ಲಿ ಗಾರ್ಮೆಂಟ್ಸ್ ಕಾರ್ಮಿಕರಿಗೆ ಏರಬೇಕಿದ್ದದ್ದು ತಿಂಗಳಿಗೆ 417 ರೂಪಾಯಿ 60 ಪೈಸೆ. ಜುಲೈನಲ್ಲಿ ರಾಜ್ಯ ಸರ್ಕಾರ ಅದನ್ನ ಮುಂದಕ್ಕೆ ಹಾಕಿತು. ಯೂನಿಯನ್ ಹೈಕೋರ್ಟಿಗೆ ಹೋಯಿತು. ಬಾಕಿ ಸಮೇತ ಕೊಡಿ ಅಂತ ಕೋರ್ಟ್ ಹೇಳಿದ ಮೇಲೂ ಕಂಪನಿಗಳು ಬೇಗ ಕೊಡಲಿಲ್ಲ. ಸುಮಾರು 4 ಲಕ್ಷ ಕಾರ್ಮಿಕರ ದುಡ್ಡು ಅದು. 2022ರ ಹೊತ್ತಿಗೆ ದೊಡ್ಡ ಕಂಪನಿಗಳು ಕೊಡೋಕೆ ಒಪ್ಪಿದವು.

ಇದೇ ಅಕ್ಕಂದಿರು 2016ರ ಏಪ್ರಿಲಲ್ಲಿ ಪಿಎಫ್ ನಿಯಮದ ವಿರುದ್ಧ ಹೊಸೂರು ರಸ್ತೆಗೂ ಪೀಣ್ಯದ ರಸ್ತೆಗೂ ಇಳಿದು ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆದೇಶ ವಾಪಸ್ ತಗೊಳ್ಳೋ ಹಾಗೆ ಮಾಡಿದ್ರು.

2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ಸಿಟ್ಟು ಗಲಭೆಯಾಯಿತು. ಹೆಚ್ಚಿನವರು ಕಾಂಟ್ರಾಕ್ಟ್ ಹುಡುಗರು, ನಮ್ಮ ವಯಸ್ಸಿನವರು. ಗಾಜು ಒಡೆದಿದ್ದಕ್ಕೆ ಕೇಸುಗಳಾದವು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿಲ್ಲ ಅಂತ ಕಂಪನಿಯೂ ಒಪ್ಪಿಕೊಂಡು ಕ್ಷಮೆ ಕೇಳಿತು.

ಭಾಗ 10: ಎಸಿ ರೂಮಲ್ಲೂ ಅದೇ ಪ್ರಶ್ನೆ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಹೋಗೋ ಎಂಜಿನಿಯರಿಂಗ್ ಗೆಳೆಯರೇ, ಇದು ಲೇತ್ ಮುಟ್ಟೋರ ಕಥೆ ಮಾತ್ರ ಅಲ್ಲ. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಮೈಸೂರು ಕ್ಯಾಂಪಸ್ಸಿನಿಂದ ಒಳಪರೀಕ್ಷೆ ಪಾಸಾಗದ 300ಕ್ಕೂ ಹೆಚ್ಚು ಟ್ರೈನಿಗಳನ್ನು ಕಳಿಸಿತು. ಮೂರು ಅವಕಾಶ ಕೊಟ್ಟಿದ್ದೆವು, ಒಪ್ಪಂದದಲ್ಲೇ ಇದೆ ಅಂತ ಕಂಪನಿ ಹೇಳಿತು. ಕಾರ್ಮಿಕ ಇಲಾಖೆಯವರು ಹೋಗಿ ವಿಚಾರಿಸಿದ್ರು. ಆಗ ಎದ್ದ ಪ್ರಶ್ನೆ ಅದೇ ಹಳೇದು: ಇವರು ನೌಕರರಾ, ಅಪ್ರೆಂಟಿಸ್‌ಗಳಾ? 1961ರ ಆ ಒಂದು ಸಾಲು ಕೀಬೋರ್ಡಿನವರೆಗೂ ಬಂದಿದೆ.

ಭಾಗ 11: ಈಗ ನಿಮ್ಮ ಕೈಯಲ್ಲಿರೋ ಪತ್ರ

2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. ಕನಿಷ್ಠ ವೇತನ ಎಲ್ಲ ನೌಕರರಿಗೂ ಅನ್ವಯ, ಓವರ್‌ಟೈಮ್‌ಗೆ ಎರಡು ಪಟ್ಟು, ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ. ಒಳ್ಳೇ ಮಾತುಗಳು. ಆದ್ರೆ ನೌಕರ ಅಂದ್ರೆ ಯಾರು ಅನ್ನೋ ವ್ಯಾಖ್ಯೆಯಲ್ಲೇ 1961ರ ಕಾಯ್ದೆಯಡಿ ತಗೊಂಡ ಅಪ್ರೆಂಟಿಸ್‌ನ ಹೊರಗಿಟ್ಟಿದ್ದಾರೆ.

ಇಲ್ಲೇ ಒಂದು ಕೀಲಿಕೈ ಇದೆ, ನೋಡಿ. ಹೊರಗಿಟ್ಟಿರೋದು ಆ ಕಾಯ್ದೆಯಡಿ ತಗೊಂಡ ಅಪ್ರೆಂಟಿಸ್‌ನ ಮಾತ್ರ. "ಟ್ರೈನಿ", "ಹೆಲ್ಪರ್", "ಲರ್ನರ್", "ಇಂಟರ್ನ್" ಅಂತ ಬರೀ ಹೆಸರು ಕೊಟ್ಟು, ಯಾವ ನೋಂದಣಿಯೂ ಇಲ್ಲದೆ, ಎಲ್ಲರ ಹಾಗೆ ಶಿಫ್ಟ್ ಹಾಕಿ ಉತ್ಪಾದನೆ ಮಾಡಿಸ್ತಾ ಇದ್ರೆ, ಆ ಹೆಸರೊಂದೇ ನಿಮ್ಮನ್ನ ಕನಿಷ್ಠ ವೇತನದಿಂದ ಹೊರಗೆ ಹಾಕಲ್ಲ. ಬೋರ್ಡಿನ ಮೇಲೆ ಏನು ಬರೆದಿದೆ ಅನ್ನೋದಕ್ಕಿಂತ ನಿಜವಾಗಿ ಏನು ಕೆಲಸ ಮಾಡ್ತೀರ ಅನ್ನೋದು ಮುಖ್ಯ.

ಹಾಗಾಗಿ ಸಹಿ ಹಾಕೋ ಮುಂಚೆ ಎಚ್‌ಆರ್ ಹತ್ರ ಕೇಳಿ: "ಸರ್, ಇದು ಅಪ್ರೆಂಟಿಸ್ ಕಾಯ್ದೆ ಒಪ್ಪಂದನಾ? ನೋಂದಣಿ ನಂಬರ್ ಕೊಡ್ತೀರಾ?"

ಹೌದು ಅಂದ್ರೆ: ಒಪ್ಪಂದದ ಪ್ರತಿ ಇಟ್ಟುಕೊಳ್ಳಿ. ಸ್ಟೈಪೆಂಡ್ ದರ, ಎಷ್ಟು ತಿಂಗಳು, ಯಾವ ಟ್ರೇಡ್ ಅಂತ ನೋಡಿ. ಎನ್‌ಎಪಿಎಸ್ ಯೋಜನೆಯಲ್ಲಿ ಸರ್ಕಾರದ ಪಾಲು (ಶೇ 25, ಗರಿಷ್ಠ 1,500 ರೂಪಾಯಿ) ನೇರ ನಿಮ್ಮ ಖಾತೆಗೆ ಬರುತ್ತೆ. ಉಳಿದದ್ದು ಕಂಪನಿ ಹಾಕಬೇಕು. ಎರಡೂ ಬಂತಾ ಅಂತ ಪಾಸ್‌ಬುಕ್ಕಲ್ಲಿ ನೋಡಿ. ತಕರಾರು ಇದ್ರೆ ಅಪ್ರೆಂಟಿಸ್‌ಶಿಪ್ ಸಲಹೆಗಾರರಿಗೆ ಬರೀರಿ. ಅವರ ತೀರ್ಮಾನ ಒಪ್ಪಿಗೆ ಆಗದಿದ್ರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು.

ಇಲ್ಲ ಅಂದ್ರೆ: ನಿಮ್ಮ ಲೆಕ್ಕ ಕನಿಷ್ಠ ವೇತನದ ಲೆಕ್ಕ. ಹಾಜರಿ, ಶಿಫ್ಟ್ ಮೆಸೇಜು, ಬ್ಯಾಂಕ್ ಎಂಟ್ರಿ ಎಲ್ಲ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹೋಗಬೇಕಾದ್ದು ಕಾರ್ಮಿಕ ಇಲಾಖೆಗೆ. ಅದರ ಮುಖ್ಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ.

ಒಂದು ಮಾತು. ಪೀಣ್ಯದ ಸಣ್ಣ ಶೆಡ್ಡಿನ ಮಾಲೀಕರೆಲ್ಲ ಕೆಟ್ಟವರಲ್ಲ. 30 ಜನಕ್ಕಿಂತ ಕಡಿಮೆ ಇರೋ ಕಡೆ ಅಪ್ರೆಂಟಿಸ್ ತಗೊಳ್ಳೋದು ಕಡ್ಡಾಯವೂ ಅಲ್ಲ. ಆದ್ರೂ ತಗೊಂಡು, ಪಕ್ಕದಲ್ಲಿ ನಿಂತು ಮೈಕ್ರಾನ್ ಲೆಕ್ಕ ಕಲಿಸಿಕೊಟ್ಟೋರು ಬೇಕಾದಷ್ಟು ಜನ ಇದ್ದಾರೆ. ಅಂಥ ಕಡೆ 7,000ಕ್ಕೂ ಬೆಲೆ ಇದೆ. ಕಲಿಸದೇ ಇರೋ ಕಡೆ ಅದೇ 7,000 ಬರೀ ಅಗ್ಗದ ಕೂಲಿ. ಮೂರು ತಿಂಗಳಾದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇಲ್ಲಿ ಹೊಸದಾಗಿ ಏನು ಕಲಿತೆ?

ನಿಮ್ಮ ಕ್ಲಾಸ್ ಗ್ರೂಪಲ್ಲಿ ಈ ತಿಂಗಳು ಆಫರ್ ಲೆಟರ್ ಬಂದಿರೋ ಒಬ್ಬರಾದ್ರೂ ಇರ್ತಾರೆ. ಅವರಿಗೆ ಭಾಗ 6 ಮತ್ತು 11 ಕಳಿಸಿ. ಮನೇಲಿ ಎಚ್‌ಎಂಟಿ, ಬಿಇಎಲ್, ಐಟಿಐಲಿ ಅಪ್ರೆಂಟಿಸ್ ಮಾಡಿದೋರು ಇದ್ರೆ ಅವರ ಮೊದಲ ಸ್ಟೈಪೆಂಡ್ ಎಷ್ಟಿತ್ತು ಅಂತ ಕೇಳಿ ಕಾಮೆಂಟಲ್ಲಿ ಹಾಕಿ. ಮುಂದಿನ ಸರಣಿ ಆ ಅಂಕಿಗಳ ಮೇಲೆ.

#ಅಪ್ರೆಂಟಿಸ್ #ಕನಿಷ್ಠವೇತನ #ಪೀಣ್ಯ #ಎಲೆಕ್ಟ್ರಾನಿಕ್‌ಸಿಟಿ #ವೈಟ್‌ಫೀಲ್ಡ್ #ಕನ್ನಡದಲ್ಲಿಇತಿಹಾಸ